ಸೋಗೆ ಸುಡುವುದನ್ನು ನಿಲ್ಲಿಸೋಣ

ಅಡಿಕೆ ಕೊಯ್ಲು ಮುಗಿಯಿತು ಅಂದರೆ ನಮ್ಮ ತೀರ್ಥಹಳ್ಳಿ, ಹೊಸನಗರದ ಕಡೆ ತೋಟ ಚೊಕ್ಕ ಮಾಡುವ ಕೆಲಸ ಶುರು. ಉದುರಿದ ಸೋಗೆ (ಅಡಿಕೆ ಮರದ ಗರಿ), ಅದರ ಬುಡದ ಹಾಳೆ, ಒಣಗಿದ ಬಾಳೆ ಎಲೆ, ಮುರಿದು ಬಿದ್ದ ಕೊಂಬೆ ಎಲ್ಲವನ್ನೂ ಒಂದು ಮೂಲೆಗೆ ಎಳೆದು ರಾಶಿ ಹಾಕುತ್ತಾರೆ. ಸಂಜೆಗೆ ಬೆಂಕಿ. ದಯವಿಟ್ಟು ಇದನ್ನು ನಿಲ್ಲಿಸಿ ಅಂತ ಕೇಳಿಕೊಳ್ಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಲೆಕ್ಕ ಹಾಕಿ ನೋಡಿ. 9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಮರ. ಒಂದು ಮರ ವರ್ಷಕ್ಕೆ ಆರೇಳು ಸೋಗೆ ಬೀಳಿಸುತ್ತದೆ. ಅಲ್ಲಿಗೆ ಎಕರೆಗೆ 3,000ಕ್ಕೂ ಜಾಸ್ತಿ ಆಯಿತು. ಸುಟ್ಟರೆ ಬೂದಿಯಲ್ಲಿ ಪೊಟ್ಯಾಷ್ ಉಳಿಯುತ್ತದೆ, ನಿಜ. ಆದರೆ ಸಾರಜನಕ ಹೊಗೆಯ ಜೊತೆ ಹೋಗುತ್ತದೆ. ಕೊಳೆತು ಮಣ್ಣನ್ನು ಮೆತ್ತಗೆ ಮಾಡಬೇಕಾದ ಕಸವೇ ಇಲ್ಲದಂತಾಗುತ್ತದೆ. ಆಮೇಲೆ ಅದೇ ತೋಟಕ್ಕೆ ದುಡ್ಡು ಕೊಟ್ಟು ಯೂರಿಯಾ ಚೀಲ ಹೊರಿಸಿ ತರುತ್ತೇವೆ.

ನನ್ನ ಹೊಟ್ಟೆ ಉರಿಯುವುದು ಇದಕ್ಕಿಂತ ಜಾಸ್ತಿ ಇನ್ನೊಂದು ವಿಷಯಕ್ಕೆ. ಸ್ವಂತ ತೋಟದ ಸೋಗೆ ಸುಟ್ಟ ಮನೆಯವರೇ ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ ಅಂತ ದರಕು, ಅಂದರೆ ಒಣ ತರಗೆಲೆ, ಗುಡಿಸಿ ತರಲು ಕಾಡಿಗೆ ಆಳು ಕಳಿಸುತ್ತಾರೆ. ಅದೂ ಬೇಸಿಗೆಯಲ್ಲಿ. ಅಲ್ಲಿರುವುದು ಮಂಗನ ಕಾಯಿಲೆಯ ಭಯ. ಜೀವಕ್ಕೇ ಅಪಾಯ ತರುವ ಈ ಜ್ವರ ಮೊದಲು ಗೊತ್ತಾಗಿದ್ದು 1957ರಲ್ಲಿ, ನಮ್ಮದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು (ರಕ್ತ ಹೀರುವ ಉಣ್ಣೆ ಹುಳ) ತರಗೆಲೆಯ ನಡುವೆಯೇ ಇರುತ್ತದೆ. ಮಳೆಗಾಲ ಕಳೆದು ಕಾಡು ಒಣಗುವ ದಿನಗಳಲ್ಲೇ ಕಾಯಿಲೆಯ ಕಾಟ ಜಾಸ್ತಿ. ದರಕಿನ ಹೊರೆ ತಲೆ ಮೇಲೆ ಹೊತ್ತು ಬರುವವರು ಹೆಚ್ಚಾಗಿ ಬಡ ಹೆಂಗಸರು. ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ ಅಂತ ಹೇಳುವುದು ಸರಿಯೇ. ಆದರೆ ಹೋಗಬೇಕಾದ ಅಗತ್ಯವನ್ನೇ ಕಡಿಮೆ ಮಾಡಬಹುದು ಅಲ್ವಾ? ನಮ್ಮ ಕಾಲ ಕೆಳಗೇ ಬಿದ್ದಿರುವುದನ್ನು ಬೂದಿ ಮಾಡಿ, ಅದರ ಬದಲಿಗೆ ಇನ್ನೊಬ್ಬರ ಜೀವ ಅಪಾಯಕ್ಕೆ ಒಡ್ಡುವುದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಹಾಗಂತ ಎಲ್ಲವನ್ನೂ ತೋಟದಲ್ಲೇ ಬಿಡಿ ಎನ್ನುತ್ತಿಲ್ಲ. ಕೊಳೆರೋಗ ಬಂದು ಉದುರಿದ ಕಾಯಿ, ಮರದಲ್ಲೇ ಒಣಗಿ ನಿಂತ ಅಡಿಕೆ ಗೊನೆ, ಎಲೆಚುಕ್ಕಿ ರೋಗ ಜೋರಾಗಿ ಹಿಡಿದ ಸೋಗೆ, ಇವನ್ನು ಆರಿಸಿ ತೆಗೆದು ಸುಡಲೇಬೇಕು. ಬಿಟ್ಟರೆ ಮಳೆ ಹಿಡಿದಾಗ ರೋಗ ಅಲ್ಲಿಂದಲೇ ಮತ್ತೆ ಹಬ್ಬುತ್ತದೆ. ಸುಡುವಾಗ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಅಂಚಿನಲ್ಲಿ ಮಾತ್ರ ಬೇಡ. ಸುತ್ತ ಕೆರೆದು, ಗಾಳಿ ಇಲ್ಲದ ಹೊತ್ತಿನಲ್ಲಿ, ಪಕ್ಕದಲ್ಲಿ ನೀರು ಇಟ್ಟುಕೊಂಡು ಸುಡಿ. ಫೆಬ್ರವರಿ, ಮಾರ್ಚಿನಲ್ಲಿ ಒಂದು ಕಿಡಿ ಹಾರಿದರೂ ಬೆಟ್ಟಕ್ಕೆ ಬೆಟ್ಟವೇ ಹೋಗುತ್ತದೆ.

ಉಳಿದ ಸೋಗೆಯನ್ನು ಕೊಚ್ಚಿ ಮರದ ಬುಡಕ್ಕೆ ಹಾಕಿ. ಇಡೀ ಸೋಗೆ ಕೊಳೆಯುವುದು ನಿಧಾನ, ಕೊಚ್ಚಿದರೆ ಬೇಗ. ಮೇಲೆ ಒಂದಿಷ್ಟು ಸಗಣಿ ನೀರು ಎರಚಿದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಮಣ್ಣಿನ ತೇವವೂ ಉಳಿಯುತ್ತದೆ. ಬಸಿಗಾಲುವೆಗೆ ಮಾತ್ರ ಬೀಳದಂತೆ ನೋಡಿಕೊಳ್ಳಿ, ಕಾಲುವೆ ಕಟ್ಟಿ ನೀರು ನಿಂತರೆ ಬೇರು ಕೊಳೆಯುತ್ತದೆ. ಹಾಳೆಯನ್ನೂ ಹಾಗೇ ಬಿಡಬೇಡಿ. ಮಳೆ ನೀರು ನಿಂತು ಅದರಲ್ಲೇ ಸೊಳ್ಳೆ ಹುಟ್ಟುತ್ತದೆ.

ಆಳು ಸಿಗುವುದಿಲ್ಲ, ಕೊಚ್ಚುವವರು ಯಾರು ಅಂತ ಕೇಳುತ್ತೀರಿ. ನ್ಯಾಯವಾದ ಮಾತು. ಒಬ್ಬರೇ ಕೊಚ್ಚುವ ಯಂತ್ರ ಕೊಳ್ಳುವುದು ಕಷ್ಟ. ಆದರೆ ಅದು ವರ್ಷವಿಡೀ ಬೇಕಾಗುವುದಿಲ್ಲ. ನಾಲ್ಕಾರು ಮನೆಯವರು ಸೇರಿ ಒಂದನ್ನು ತಂದು ಸರದಿ ಮೇಲೆ ಬಳಸಬಹುದು. ನಮ್ಮ ಊರಿನಲ್ಲಿ ಯಾರಾದರೂ ಮುಂದೆ ಬಂದರೆ ನನ್ನ ಪಾಲಿನ ದುಡ್ಡು ಹಾಕಲು ನಾನು ತಯಾರಿದ್ದೇನೆ.