ಎಚ್1299 ಲೇನ್ ಇಲ್ಲದ ಪಿ53 ಬ್ಲಾಟ್ ನಾ ಒಪ್ಪಂಗಿಲ್ಲ

ಇವತ್ತ ಧಾರವಾಡದಾಗ ಒಂದು ಪೋಸ್ಟರ್ ನೋಡಿ ತಲಿ ಕೆಟ್ಟೈತಿ. ಬಾಯಿ ಕ್ಯಾನ್ಸರ್ ಗಡ್ಡಿಯ ತುಣುಕು, ಕ್ಯಾನ್ಸರ್ ತಡಿಯೋ ಪಿ53 ಪ್ರೋಟೀನನ್ನ ಹಿಡಿಯೋ ಡಿಓ-1 ಆಂಟಿಬಾಡಿ, ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನ ಜೆಲ್‌ನ್ಯಾಗ ತೂಕದ ಪ್ರಕಾರ ಬ್ಯಾರೆ ಮಾಡಿ ಆಂಟಿಬಾಡಿಲೆ ಗುರ್ತಿಸೋದು; ಒಂದೊಂದು ಸ್ಯಾಂಪಲ್ ಓಡೋ ಸಾಲಿಗೆ ಲೇನ್ ಅಂತಾರ), 53 ಕಿಲೋಡಾಲ್ಟನ್ ತೂಕದ ಹತ್ರ ದಪ್ಪ ಬ್ಯಾಂಡ್. ಮ್ಯಾಲಿಂದು ಕೆಳಗಿಂದು ಕತ್ತರಿಸಿ ತಗದಾರ, ತೂಕ ತೋರ್ಸೋ ಮಾರ್ಕರ್ ಲೇನೂ ಇಲ್ಲ. ನೆಗೆಟಿವ್ ಕಂಟ್ರೋಲ್ (ಪಿ53 ಇಲ್ಲದ ಸ್ಯಾಂಪಲ್) ಯಾವುದು ಅಂತ ಕೇಳಿದ್ರ "ಬೀಟಾ ಆಕ್ಟಿನ್ ಹಾಕೇವಲ್ರಿ ಸರ್" ಅಂತ ಉತ್ತರ ಬಂತು.

ಆಕ್ಟಿನ್ ಹೇಳೋದು ಎಲ್ಲಾ ಲೇನಿಗೂ ಪ್ರೋಟೀನ್ ಸಮಾ ಬಿದ್ದೈತೋ ಇಲ್ಲೋ ಅನ್ನೋದಷ್ಟ. ನಿಮ್ಮ ಆಂಟಿಬಾಡಿ ಪಿ53 ಬಿಟ್ಟು ಸೆಲ್ಲಿನ ಬ್ಯಾರೆ ಏನನ್ನಾದ್ರೂ ಹಿಡೀತೈತೋ ಇಲ್ಲೋ ಅಂತ ಹೇಳೋದು ಎಚ್1299. ಪಿ53 ಜೀನ್ ಕಳಕೊಂಡ ಶ್ವಾಸಕೋಶ ಕ್ಯಾನ್ಸರಿನ ಸೆಲ್ ಲೈನ್ ಅದು. ಸಾಓಸ್-2 ಸೆಲ್ ಲೈನ್ ಆದ್ರೂ ನಡೀತೈತಿ, ಅದರೊಳಗೂ ಪಿ53 ಇಲ್ಲ. ಆ ಲೇನ್ 53ರ ಹತ್ರ ಖಾಲಿ ಇರಬೇಕು. ಅಲ್ಲೂ ಬ್ಯಾಂಡ್ ಬಂತಂದ್ರ ನಿಮ್ಮ ಆಂಟಿಬಾಡಿ ಬ್ಯಾರೆ ಏನನ್ನೋ ಹಿಡದೈತಿ.

ಪಾಸಿಟಿವ್ ಕಂಟ್ರೋಲಿಗೆ (ಪಿ53 ಖಂಡಿತ ಇರೋ ಸ್ಯಾಂಪಲ್) ಎಸ್‌ಕೆ-ಬಿಆರ್-3 ಅನ್ನೋ ಸ್ತನ ಕ್ಯಾನ್ಸರಿನ ಸೆಲ್ ಲೈನ್ ಹಾಕ್ರಿ. ಅದರೊಳಗಿನ ಪಿ53 ಮ್ಯುಟೆಂಟ್, ಒಡದು ಹೋಗದಂಗ ಗುಡ್ಡಿ ಬಿದ್ದಿರ್ತೈತಿ, ಬ್ಯಾಂಡ್ ಗಟ್ಟಿ ಬರ್ತೈತಿ. ಎಂಸಿಎಫ್-7 ಅನ್ನೋ ಇನ್ನೊಂದು ಸೆಲ್ ಲೈನಿನೊಳಗ ನಾರ್ಮಲ್ ಪಿ53 ಐತಿ, ಆದ್ರ ಎಂಡಿಎಂ2 ಅನ್ನೋ ಪ್ರೋಟೀನ್ ಅದನ್ನ ಹಿಡದು ಒಡಸ್ತಾನ ಇರ್ತೈತಿ, ಅರ್ಧಾಯುಷ್ಯ ಸುಮಾರು 20 ನಿಮಿಷ. ಡಾಕ್ಸೋರುಬಿಸಿನ್ ಔಷಧ ಕೊಟ್ಟು ಡಿಎನ್‌ಎಗೆ ಪೆಟ್ಟು ಹಾಕಿದ್ರ ಆವಾಗ ಏರ್ತೈತಿ. ಕೈಗೆ ಸಿಗ್ತೈತಿ ಅಂತ ಹೀಲಾ ಸೆಲ್ ಮಾತ್ರ ಹಾಕಬ್ಯಾಡ್ರಿ. ಅದರೊಳಗಿನ ಎಚ್‌ಪಿವಿ-18 ವೈರಸ್ಸಿನ ಇ6 ಪ್ರೋಟೀನ್ ಪಿ53ಯನ್ನ ನಾಶ ಮಾಡಿಬಿಡ್ತೈತಿ. ಬ್ಯಾಂಡ್ ಮಸಕಾತು, ಆಂಟಿಬಾಡಿ ಕೆಟ್ಟೈತಿ ಅಂತ ಬಾಟಲಿ ಚೆಲ್ಲೋದು ಹಿಂಗ.

ಈಗ ಪೋಸ್ಟರಿನ ಆ ದಪ್ಪ ಬ್ಯಾಂಡಿಗೆ ಬರೋಣು. ಗಡ್ಡಿಯ ತುಣುಕಿನ್ಯಾಗ ರಕ್ತ ಇರ್ತೈತಿ, ರಕ್ತದಾಗ ಮನುಷ್ಯರದ್ದ ಆಂಟಿಬಾಡಿ, ಐಜಿಜಿ ಇರ್ತೈತಿ. ಅದರ ದೊಡ್ಡ ತುಂಡು, ಹೆವಿ ಚೈನ್, ಓಡೋದು 50 ಕಿಲೋಡಾಲ್ಟನ್ ಹತ್ರ. ಡಿಓ-1 ಇಲಿಯ ಆಂಟಿಬಾಡಿ, ನಿಮ್ಮ ಸೆಕೆಂಡರಿ (ಡಿಓ-1ನ್ನ ಹಿಡದು ಬ್ಯಾಂಡ್ ತೋರ್ಸೋ ಎರಡನೇ ಆಂಟಿಬಾಡಿ) ಇಲಿಯ ಐಜಿಜಿ ಹಿಡಿಯೋವಂಥಾದ್ದು. ಆ ಸೆಕೆಂಡರಿಯನ್ನ ಮನುಷ್ಯರ ಐಜಿಜಿ ಮ್ಯಾಲೆ ಹಾಯಿಸಿ ಸೋಸಿರಲಿಲ್ಲಂದ್ರ ಅದು ಸೀದಾ ಹೋಗಿ ರಕ್ತದ ಐಜಿಜಿಗೆ ಅಂಟ್ತೈತಿ. 12 ಪರ್ಸೆಂಟ್ ಮಿನಿ ಜೆಲ್‌ನ್ಯಾಗ 50 ಯಾವುದು 53 ಯಾವುದು ಅಂತ ಕಣ್ಣಿಗೆ ಗೊತ್ತಾಗಂಗಿಲ್ಲ. ಐಜಿಜಿಯ ಸಣ್ಣ ತುಂಡು, ಲೈಟ್ ಚೈನ್, 25ರ ಹತ್ರ ಕಾಣಿಸ್ಕೊಂಡು ಗುಟ್ಟು ರಟ್ಟು ಮಾಡ್ತಿತ್ತು, ಆದ್ರ ಆ ಭಾಗಾನ ಕತ್ತರಿಸಿ ತಗದಾರ! ಇದಕ್ಕ ಪೂರ್ತಿ ಬ್ಲಾಟ್ ತೋರಿಸ್ರಿ ಅಂತ ಬಡ್ಕೊಳ್ಳೋದು. ಎಚ್1299 ಸೆಲ್ಲಿನ್ಯಾಗ ರಕ್ತ ಇಲ್ಲ, ಈ ಮೋಸ ಆ ಲೇನಿನ್ಯಾಗ ಕಾಣಂಗಿಲ್ಲ. ಅದಕ್ಕ ಗಡ್ಡಿಯ ಲೈಸೇಟಿನ (ತುಣುಕು ಒಡದು ತಗದ ಪ್ರೋಟೀನ್ ದ್ರಾವಣ) ಇನ್ನೊಂದು ಪಟ್ಟಿಗೆ ಡಿಓ-1 ಹಾಕದ ಬರೇ ಸೆಕೆಂಡರಿ ಹಾಕಿ ನೋಡ್ರಿ. ಬ್ಯಾಂಡ್ ಆವಾಗೂ ಬಂತಂದ್ರ ಅದು ಪಿ53 ಅಲ್ಲ.

ಪಿ53ಯ ಲೆಕ್ಕದ ತೂಕ ನೋಡಿ ಬ್ಯಾಂಡನ್ನ 43.7 ಕಿಲೋಡಾಲ್ಟನ್ ಹತ್ರ ಹುಡುಕೋರೂ ಅದಾರ. 393 ಅಮೈನೋ ಆಸಿಡ್‌ಗೆ ಲೆಕ್ಕ ಹಾಕಿದ್ರ ಅಷ್ಟ ಬರೋದು ಖರೆ, ಆದ್ರ ಪ್ರೋಲೀನ್ ಹೆಚ್ಚಿರೋ ಭಾಗದ ಸಲುವಾಗಿ ಜೆಲ್‌ನ್ಯಾಗ ಅದು ನಿಧಾನ ಓಡ್ತೈತಿ. ಇಲಿಯ ಟಿಶ್ಯೂ ಇದ್ರ ಡಿಓ-1 ತಗೀಲೇಬ್ಯಾಡ್ರಿ, ಇಲಿಯ ಪಿ53ಯನ್ನ ಅದು ಹಿಡಿಯಂಗಿಲ್ಲ.

ಉಳದಿದ್ದೆಲ್ಲಾ ನಿಮಗ ಗೊತ್ತಿದ್ದದ್ದ. 10 ಪರ್ಸೆಂಟ್ ಜೆಲ್, ಲೇನಿಗೆ 30 ಮೈಕ್ರೋಗ್ರಾಂ, 5 ಪರ್ಸೆಂಟ್ ಹಾಲಿನ ಪುಡಿಯೊಳಗ ಒಂದು ತಾಸು, ಡಿಓ-1 1:1000 ಹಾಕಿ 4 ಡಿಗ್ರಿಯೊಳಗ ರಾತ್ರಿಯೆಲ್ಲಾ, ಟಿಬಿಎಸ್‌ಟಿ ಅನ್ನೋ ತೊಳಿಯೋ ಬಫರಿನೊಳಗ 10 ನಿಮಿಷದ ಮೂರು ವಾಶ್, ಸೆಕೆಂಡರಿ 1:5000 ಒಂದು ತಾಸು. ಪ್ರೈಮರಿ, ಅಂದ್ರ ಡಿಓ-1, ಮತ್ತ ಬಳಸಾಕ ಕೆಡದಂಗ ಸೋಡಿಯಂ ಅಝೈಡ್ ಹಾಕಿಟ್ರ ಅಡ್ಡಿಯಿಲ್ಲ. ಸೆಕೆಂಡರಿಗೆ ಬಿತ್ತಂದ್ರ ಮುಗೀತು, ಅದಕ್ಕ ಅಂಟಿದ, ಬ್ಯಾಂಡ್ ಬೆಳಗಿಸೋ ಎಂಝೈಮ್ ಎಚ್‌ಆರ್‌ಪಿ ಸತ್ತಂಗ.

"ಡಿಓ-1 ಎಷ್ಟೋ ಪೇಪರಿನ್ಯಾಗ ಐತಿ, ಕಂಪನಿಯವರ ವ್ಯಾಲಿಡೇಟ್ ಮಾಡ್ಯಾರ" ಅಂತಾರ. ಆಂಟಿಬಾಡಿ ಛಲೋನ ಐತಿ, ಅದನ್ನ ನಾನೂ ಒಪ್ಪತೀನಿ. ಆದ್ರ ಕಂಪನಿಯವರು ನೋಡಿದ್ದು ಅವರ ಲೈಸೇಟ್, ಅವರ ಸೆಕೆಂಡರಿ. ನಿಮ್ಮ ರಕ್ತ ತುಂಬಿದ ತುಣುಕನ್ನ ಅವರು ನೋಡಿಲ್ಲ.

"ನಮ್ಮಲ್ಲೆ ಸೆಲ್ ಕಲ್ಚರ್ ಇಲ್ಲ, ರೊಕ್ಕ ಇಲ್ಲ" ಅನ್ನೋದು ಇನ್ನೊಂದು. ಕಲ್ಚರ್ ಇರೋ ಲ್ಯಾಬಿಂದ ಒಂದು ಪ್ಲೇಟ್ ಎಚ್1299 ಲೈಸೇಟ್ ಕೇಳ್ರಿ. 10 ಸೆಂಟಿಮೀಟರಿನ ತುಂಬಿದ ಪ್ಲೇಟಿನ್ಯಾಗ ಒಂದು ಮಿಲಿಗ್ರಾಂ ಪ್ರೋಟೀನಿಗೇನೂ ಕೊರತಿಲ್ಲ, ಅಂದ್ರ 30 ಲೇನಿಗೆ ಸಾಕು. ಲೋಡಿಂಗ್ ಬಫರಿನ್ಯಾಗ ಕುದಿಸಿ, ಸಣ್ಣ ಸಣ್ಣ ಟ್ಯೂಬಿಗೆ ಹಂಚಿ ಮೈನಸ್ 20ರೊಳಗ ಇಟ್ರ ತಿಂಗಳುಗಟ್ಟಲೆ ನಡೀತೈತಿ.

ನನಗ ಇಷ್ಟು ಸಿಟ್ಟು ಬರಾಕ ಕಾರಣ ಐತಿ. ಹಾವೇರಿ, ಗದಗ ಕಡೆಯಿಂದ ಬಾಯಿ ತೆರಿಯಾಕೂ ಬಾರದ ಹುಬ್ಬಳ್ಳಿಗೆ ಬಂದ ಮನುಷ್ಯ ಸಹಿ ಮಾಡಿ ಆ ತುಣುಕು ಕೊಟ್ಟಾನ. ಬ್ಲಾಟ್ ಹಾಕಿದ ಮ್ಯಾಲೆ ಅದು ತಿರುಗಿ ಸಿಗಂಗಿಲ್ಲ. ಅಂಥಾದ್ದಕ್ಕ ಒಂದು ಎಚ್1299 ಲೇನ್ ಹಾಕಾಕ ಆಗಂಗಿಲ್ಲಂದ್ರ ಹೆಂಗ?

ಹುಬ್ಬಳ್ಳಿ-ಧಾರವಾಡದಾಗ ಎಚ್1299 ಅಥವಾ ಸಾಓಸ್-2 ಬೆಳಸೋರು ಇದ್ರ ಕಾಮೆಂಟಿನ್ಯಾಗ ಹೇಳ್ರಿ. ಲೈಸೇಟ್ ಬೇಕಾದ ಹುಡುಗರನ್ನ ನಿಮ್ಮ ಕಡೆ ಕಳಸ್ತೀನಿ.