ಜಾಜ್ ಪಿಯಾನೋದ ಮನೋಧರ್ಮವನ್ನು, ಅಂದರೆ ಆಶುವಾದನವನ್ನು, ಸ್ವರಲಿಪಿಗೆ ಇಳಿಸಬೇಕೇ?

ಪರ

ಜಾಜ್‌ನ ಚಲನೆಯೂ ಆಧುನಿಕ ಶಾಸ್ತ್ರೀಯ ರಚನೆಯ ಕಟ್ಟೋಣವೂ ಒಂದೇ ಪಿಯಾನೋದಲ್ಲಿ ಕೂಡಬೇಕಾದರೆ ಬರೆದಿಡುವುದೇ ಸರಿಯಾದ ದಾರಿ. 1937ರಲ್ಲಿ ಉಕ್ರೇನಿನ ಹೊರ್ಲಿವ್ಕಾದಲ್ಲಿ ಹುಟ್ಟಿದ ಸಂಗೀತ ರಚನಕಾರ, ಪಿಯಾನೋ ವಾದಕ ನಿಕೊಲಾಯ್ ಕಪುಸ್ತಿನ್, ಮಾಸ್ಕೋ ಕನ್ಸರ್ವೇಟರಿಯಲ್ಲಿ ಗೋಲ್ಡನ್‌ವೈಸರ್ ಅವರ ಬಳಿ ಕಲಿತು, ಒಲೆಗ್ ಲುಂಡ್‌ಸ್ಟ್ರೆಮ್ ಅವರ ಜಾಜ್ ವಾದ್ಯವೃಂದದಲ್ಲಿ ವರ್ಷಗಟ್ಟಲೆ ನುಡಿಸಿದವರು; ಆದರೂ 1984ರ ಎಂಟು ಕಾನ್ಸರ್ಟ್ ಎಟ್ಯೂಡ್‌ಗಳಲ್ಲಿ (ಕೈಚಳಕವನ್ನು ಒರೆಗೆ ಹಚ್ಚುವ ಕಛೇರಿ-ಕೃತಿಗಳಲ್ಲಿ) ಒಂದು ಸ್ವರವನ್ನೂ ವಾದಕನ ಇಚ್ಛೆಗೆ ಬಿಡಲಿಲ್ಲ. ಆ ಗಳಿಗೆಯಲ್ಲೇ ಹೊಳೆದಂತೆ ಕೇಳಿಸುವ ಓಟಗಳೆಲ್ಲ ಪುಟದ ಮೇಲೆ ಅಚ್ಚಾಗಿವೆ. ಅವರ 24 ಪ್ರಿಲ್ಯೂಡ್ ಮತ್ತು ಫ್ಯೂಗ್‌ಗಳನ್ನೇ ನೋಡಿ: ಹಲವು ಎಳೆಗಳು ಒಂದರ ಬೆನ್ನಿಗೊಂದು ಬಂದು ಹೆಣೆದುಕೊಳ್ಳುತ್ತಲೇ ಜಾಜ್‌ನ ಲಯವನ್ನೂ ಬಿಡದಿರುವ ಸಂಗೀತವನ್ನು ಎಲ್ಲ ಮೇಜರ್, ಮೈನರ್ ಕೀಗಳಲ್ಲಿಯೂ (ಬೇರೆ ಬೇರೆ ಆಧಾರಸ್ವರಗಳ ಮೇಲೆ ನಿಂತ ಸ್ವರಶ್ರೇಣಿಗಳಲ್ಲಿಯೂ) ಆಶುವಾಗಿ ಕಟ್ಟಬಲ್ಲವರು ಎಷ್ಟು ಮಂದಿ ಇದ್ದಾರು? ಕಪುಸ್ತಿನ್ 2020ರಲ್ಲಿ ತೀರಿಕೊಂಡರು. ಬರೆದಿಟ್ಟದ್ದರಿಂದಲೇ ಮಾರ್ಕ್-ಆಂಡ್ರೆ ಹ್ಯಾಮೆಲಿನ್, ಸ್ಟೀವನ್ ಓಸ್ಬೋರ್ನ್ ಅವರಂಥ ಶಾಸ್ತ್ರೀಯ ವಾದಕರ ಕೈಗೆ ಆ ಸಂಗೀತ ದಾಟಿತು.

ವಿರೋಧ

ಹಾಗೆ ದಾಟುವುದು ಸ್ವರಗಳು ಮಾತ್ರ. ಅವು ಹುಟ್ಟಿದ ಕಾರಣ ದಾಟುವುದಿಲ್ಲ. 1975ರ ಜನವರಿ 24ರ ರಾತ್ರಿ ಜರ್ಮನಿಯ ಕಲೋನ್ ನಗರದ ಆಪೆರಾ ಭವನದಲ್ಲಿ ಪೂರ್ತಿ ಆಶುವಾಗಿ ನುಡಿಸಲು ಕುಳಿತ ಅಮೆರಿಕದ ಜಾಜ್ ಪಿಯಾನೋ ವಾದಕ ಕೀತ್ ಜ್ಯಾರೆಟ್ ಅವರಿಗೆ ಸಿಕ್ಕದ್ದು ಅವರು ಕೇಳಿದ್ದ ಪಿಯಾನೋ ಅಲ್ಲ. ಅದು ಚಿಕ್ಕದು, ತಾರಸ್ಥಾಯಿಯಲ್ಲಿ ಕೀರಲು, ಮಂದ್ರದಲ್ಲಿ ಬಲವಿಲ್ಲ, ಪೆಡಲ್‌ಗಳೂ ಸರಿಯಿಲ್ಲ. ಆದ್ದರಿಂದ ಅವರು ಹೆಚ್ಚಾಗಿ ಮಧ್ಯಸ್ಥಾಯಿಯಲ್ಲೇ ಉಳಿದು, ಎಡಗೈಯಲ್ಲಿ ಒಂದೆರಡು ಕಾರ್ಡ್‌ಗಳನ್ನೇ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳನ್ನೇ) ಬಹುಹೊತ್ತು ಸುತ್ತಿಸಿ, ಮಂದ್ರದ ಕೊರತೆಯನ್ನು ಲಯದಿಂದ ತುಂಬುತ್ತ ಹೋದರು. ಸುಮಾರು 26 ನಿಮಿಷಗಳ ಮೊದಲ ಭಾಗದ ಸ್ವರೂಪಕ್ಕೆ ಆ ಕೆಟ್ಟ ವಾದ್ಯದ ಪಾಲೂ ಇದೆ. ಮುಂದೆ 1991ರಲ್ಲಿ ಆ ಕಛೇರಿಯ ಸ್ವರಲಿಪಿ ಪ್ರಕಟವಾಯಿತು. ಅದಕ್ಕೆ ಹಿಂಜರಿಯುತ್ತಲೇ ಒಪ್ಪಿದ ಜ್ಯಾರೆಟ್, ನುಡಿಸುವವರು ಧ್ವನಿಮುದ್ರಣವನ್ನೇ ಅಂತಿಮ ಪ್ರಮಾಣವಾಗಿ ಇಟ್ಟುಕೊಳ್ಳಬೇಕೆಂದು ಸೂಚಿಸಿದರು. ಇಂದು ಒಳ್ಳೆಯ ಗ್ರ್ಯಾಂಡ್ ಪಿಯಾನೋದ ಮುಂದೆ ಕುಳಿತು ಅದೇ ಎಡಗೈಯನ್ನು ಅಷ್ಟೇ ಹೊತ್ತು ಸುತ್ತಿಸುವ ವಾದಕನಿಗೆ ಆ ಅನಿವಾರ್ಯತೆ ಎಲ್ಲಿದೆ?

ಕಪುಸ್ತಿನ್ ಅವರ ಮಾತು ಬೇರೆ ಎನ್ನಬಹುದು, ಏಕೆಂದರೆ ಅವರು ಮೊದಲಿನಿಂದಲೂ ಬರೆದೇ ಕಟ್ಟಿದವರು, ತಮ್ಮನ್ನು ಜಾಜ್ ಸಂಗೀತಗಾರನೆಂದು ಕರೆದುಕೊಳ್ಳದವರು. ಹಾಗಾದರೆ ಅದು ಜಾಜ್‌ನ ನುಡಿಗಟ್ಟಿನಲ್ಲಿರುವ ಒಳ್ಳೆಯ ಶಾಸ್ತ್ರೀಯ ಸಂಗೀತ. ಅದನ್ನು ಎರಡರ ಸಂಗಮ ಎಂದೇಕೆ ಕರೆಯಬೇಕು? ಜಾಜ್‌ನ ತೂಗುವ ಲಯವಾದ ಸ್ವಿಂಗ್‌ನಲ್ಲಿ ಸ್ವರ ಎಷ್ಟು ತಡವಾಗಿ ಬೀಳಬೇಕೆಂಬುದನ್ನು ಯಾವ ಲಿಪಿಯೂ ನಿಖರವಾಗಿ ಹೇಳಲಾರದು. ಬರೆದದ್ದನ್ನು ಅಭ್ಯಾಸಕ್ಕೆ ಇಟ್ಟುಕೊಂಡು, ವೇದಿಕೆಯಲ್ಲಿ ಕೆಲವು ಆವರ್ತನಗಳನ್ನಾದರೂ ವಾದಕನೇ ಕಟ್ಟುವಂತೆ ಬಿಡುವ ರಚನೆಗಳೇ ಆ ಹೆಸರಿಗೆ ತಕ್ಕವು.