ವಿಕಿಪೀಡಿಯದ ಚರ್ಚೆಪುಟದಲ್ಲಿ ಆಡಿದ ಮಾತಿಗೆ ಸಹಿ ಹಾಕಿ

ಎರಡು ವರ್ಷದ ಹಿಂದೆ, ಇಂಥದೇ ಮಳೆಗಾಲದ ಒಂದು ರಾತ್ರಿ, ಒಬ್ಬ ಹುಡುಗನನ್ನು ಸುಮ್ನೆ ನೋಯಿಸಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ. ಆದರೂ ಅದು ಇವತ್ತಿಗೂ ಮನಸ್ಸಲ್ಲಿ ಕೊರೆಯುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಸಾಗರದ ಕಡೆ ಜುಲೈ ತಿಂಗಳಲ್ಲಿ ಕರೆಂಟು ಇದ್ದಷ್ಟು ಹೊತ್ತೇ ಕೆಲಸ. ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತು ವಿಕಿಪೀಡಿಯದಲ್ಲಿ ಬರೆಯುವುದು ನನ್ನ ಹಳೆಯ ಅಭ್ಯಾಸ. ನಮ್ಮ ಜಿಲ್ಲೆಯ ಕೆರೆ, ದೇವಸ್ಥಾನ, ಶಾಸನ, ಇವೇ ನನ್ನ ವಿಷಯ. ಆ ವಾರ ತಾಳಗುಂದದ ಬಗ್ಗೆ ಬರೆದಿದ್ದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದ ಗೊತ್ತಲ್ವಾ, ಪ್ರಣವೇಶ್ವರ ದೇವಸ್ಥಾನದ ಊರು. 2013ರಲ್ಲಿ ಅಲ್ಲಿ ಉತ್ಖನನ ನಡೆದಾಗ ಸಿಂಹಕಟಾಂಜನದ ಮೇಲೆ, ಅಂದರೆ ಮೆಟ್ಟಿಲ ಪಕ್ಕದ ಸಿಂಹ ಕೆತ್ತಿದ ಕೈಪಿಡಿಗಲ್ಲಿನ ಮೇಲೆ, ಒಂದು ಶಾಸನ ಸಿಕ್ಕಿತು. ಅದು ಕ್ರಿ.ಶ. 370ರ ಕಾಲದ್ದು, ಅಂದರೆ ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎನ್ನುವ ಅಭಿಪ್ರಾಯ ಇದೆ. ನಾನು ಅಷ್ಟನ್ನೇ ಲೇಖನಕ್ಕೆ ಸೇರಿಸಿದ್ದೆ.

ಮರುದಿನ ಆ ಲೇಖನದ ಬಗ್ಗೆ ಮಾತಾಡುವ ಚರ್ಚೆಪುಟ ತೆಗೆದರೆ ಮೂರು ಸಾಲು ಕಂಡವು. ಮೊದಲನೆಯದು, "ಹಲ್ಮಿಡಿಯೇ ಮೊದಲು. ಊರಿನ ಅಭಿಮಾನಕ್ಕೆ ಏನೇನೋ ಬರೆಯಬೇಡಿ." ಅದರ ಕೆಳಗೆ, "370 ಅಂತ ಹೇಗೆ ಹೇಳುತ್ತಾರೆ?" ಅದರ ಕೆಳಗೆ, "ಆಧಾರ ಕೊಡದಿದ್ದರೆ ಅಳಿಸಿ ಹಾಕುತ್ತೇನೆ." ಒಂದಕ್ಕೂ ಸಹಿ ಇಲ್ಲ. ಮೂರೂ ಒಬ್ಬರದೇ ಮಾತು ಅಂದುಕೊಂಡೆ. ಒಂದರ ಕೆಳಗೊಂದು ಇದ್ದವು, ಒಂದೇ ದನಿಯ ಹಾಗೆ ಕೇಳಿಸಿದವು. ಸಿಟ್ಟು ಬಂತು. "ಬೆದರಿಕೆ ಹಾಕುವವರಿಗೆ ಉತ್ತರ ಕೊಡುವುದಿಲ್ಲ. ಹೇಗೆ ಹೇಳುತ್ತಾರೆ ಅಂತ ಕೇಳುವ ಮೊದಲು ನಾಲ್ಕು ಪುಸ್ತಕ ಓದಿ ಬನ್ನಿ" ಎಂದು ಬರೆದೆ. ನನ್ನ ಸಹಿ ಹಾಕಿದೆ. ಮಲಗಿದೆ.

ಎಷ್ಟೋ ದಿನ ಕಳೆದ ಮೇಲೆ ಬೇರೆ ಏನನ್ನೋ ಹುಡುಕುತ್ತಾ ಆ ಪುಟದ ಇತಿಹಾಸ, ಅಂದರೆ ಯಾರು ಯಾವಾಗ ಏನು ಬರೆದರು ಎಂಬ ದಾಖಲೆ, ನೋಡಿದೆ. ಮೂರು ಸಾಲು, ಮೂರು ಜನ! ನಡುವಿನ ಪ್ರಶ್ನೆ ಕೇಳಿದವನು ಅವತ್ತೇ ಖಾತೆ ತೆರೆದಿದ್ದ. ಅದು ಅವನು ವಿಕಿಯಲ್ಲಿ ಬರೆದ ಮೊದಲ ಮಾತು. ಅಲ್ಲಿಗೆ ಅದೇ ಕೊನೆಯದೂ ಆಗಿತ್ತು. ಅವನ ಪುಟಕ್ಕೆ ಹೋಗಿ ಕ್ಷಮೆ ಕೇಳಿ ಬರೆದೆ. ಉತ್ತರ ಬರಲು ತಿಂಗಳುಗಳೇ ಹಿಡಿದವು. "ಸರ್, ನಾನು ಬಿಎ ಓದ್ತಿದೀನಿ. ನಿಜವಾಗಿ ತಿಳ್ಕೊಳ್ಳೋಕೆ ಕೇಳಿದ್ದೆ. ಇಲ್ಲಿ ಹಾಗೆಲ್ಲ ಕೇಳಬಾರದೇನೋ ಅಂತ ಬಿಟ್ಬಿಟ್ಟೆ" ಎಂದಿದ್ದ.

ಇತಿಹಾಸ ನೋಡದೆ ಬೈದದ್ದು ನನ್ನದೇ ತಪ್ಪು. ಆದರೆ ಆ ಮೂರು ಸಾಲಿಗೂ ಹೆಸರಿದ್ದಿದ್ದರೆ ಹೀಗಾಗುತ್ತಿರಲಿಲ್ಲ.

ವಿಕಿ ಬಳಸದವರಿಗೆ ಸ್ವಲ್ಪ ಹೇಳುತ್ತೇನೆ. ಅಲ್ಲಿ ಪ್ರತಿ ಲೇಖನದ ಹಿಂದೆಯೂ ಒಂದು ಚರ್ಚೆಪುಟ ಇರುತ್ತದೆ. ಲೇಖನಕ್ಕೆ ಯಾರೂ ಸಹಿ ಹಾಕುವಂತಿಲ್ಲ. ಅದು ಹತ್ತಾರು ಕೈ ಸೇರಿ ಆದದ್ದು, ಇನ್ನೂ ಆಗುತ್ತಿರುವುದು, ಒಬ್ಬರ ಸ್ವತ್ತಲ್ಲ. ಚರ್ಚೆಪುಟದಲ್ಲಿ ಹಾಗಲ್ಲ. ಅಲ್ಲಿ ಇರುವುದು ಒಬ್ಬೊಬ್ಬರ ಮಾತು. ಅದಕ್ಕೆ ಹೆಸರು ಬೇಕು. ಮಾತಿನ ಕೊನೆಗೆ ಅಲೆಯಂಥ ಚಿಹ್ನೆಯನ್ನು ನಾಲ್ಕು ಸಲ ಒತ್ತಬೇಕು, ~~~~ ಹೀಗೆ. ಪ್ರಕಟಿಸಿದ ಕೂಡಲೇ ಅದು ನಿಮ್ಮ ಹೆಸರು, ಗಂಟೆ, ದಿನಾಂಕವಾಗಿ ಬದಲಾಗುತ್ತದೆ. ಹೆಸರಿನ ಮೇಲೆ ಒತ್ತಿದರೆ ನಿಮ್ಮ ಪುಟ ಸಿಗುತ್ತದೆ. ಮೂರೇ ಹಾಕಿದರೆ ಬರೀ ಹೆಸರು, ಐದು ಹಾಕಿದರೆ ಬರೀ ಗಂಟೆ ಮತ್ತು ದಿನಾಂಕ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಬರೆಯುವವರು ಒಂದು ವಿಷಯ ನೆನಪಿಡಿ. ಅಲ್ಲಿ ಬೀಳುವುದು ಯುಟಿಸಿ ಗಂಟೆ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ರಾತ್ರಿ 9ಕ್ಕೆ ಬರೆದರೆ 15:30 ಅಂತ ಕಾಣುತ್ತದೆ. ಬೆಳಗಿನ ಜಾವ 4ಕ್ಕೆ ಬರೆದರೆ ಹಿಂದಿನ ದಿನದ ತಾರೀಕೇ ಬೀಳುತ್ತದೆ. ಗಾಬರಿ ಬೇಡ.

ಗಂಟೆ, ದಿನಾಂಕ ಯಾಕೆ ಬೇಕು ಅಂತ ಮೊದಲು ನನಗೂ ಅನ್ನಿಸಿತ್ತು. ಆ ಹುಡುಗನ ಪ್ರಶ್ನೆಗೆ ಉತ್ತರ ಬರೆಯಲು ಕೂತಾಗ ಅರ್ಥವಾಯಿತು. ಹಲ್ಮಿಡಿ ಶಾಸನದಲ್ಲಿ ಕಾಲ ಬರೆದಿಲ್ಲ. ಸುಮಾರು 450 ಅಂತ ನಾವು ಶಾಲೆಯಲ್ಲಿ ಓದಿದ್ದು ಕಲ್ಲಿನ ಮೇಲಿದ್ದ ಇಸವಿಯಲ್ಲ. ಅಕ್ಷರದ ರೂಪ, ಭಾಷೆ, ಅದರಲ್ಲಿ ಬರುವ ಹೆಸರುಗಳು, ಇವನ್ನೆಲ್ಲ ಕೂಡಿಸಿ ವಿದ್ವಾಂಸರು ಅಂದಾಜು ಮಾಡಿದ್ದು. ಅದಕ್ಕೇ ಅದರ ಕಾಲದ ಬಗ್ಗೆ ವಿದ್ವಾಂಸರಲ್ಲೇ ಭಿನ್ನಾಭಿಪ್ರಾಯ ಇದೆ. ಯಾವುದು ಮೊದಲು ಅನ್ನುವ ನಮ್ಮ ಇಷ್ಟೆಲ್ಲ ಜಗಳಕ್ಕೆ ಕಾರಣ ಅದೇ ಅಲ್ವಾ? ಬರೆಸಿದವರು ಒಂದು ಇಸವಿ ಹಾಕಿಸಿದ್ದರೆ ನಮ್ಮ ವಾದ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು.

ಅದೇ ತಾಳಗುಂದದ ದೇವಸ್ಥಾನದ ಮುಂದಿನ ಕಂಬ ನೋಡಿ. ಐದನೇ ಶತಮಾನದ್ದು. ಮಯೂರಶರ್ಮ ಕಂಚಿಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು, ಕೊನೆಗೆ ಅವನೇ ರಾಜನಾದದ್ದು, ಎಲ್ಲ ಅದರಲ್ಲಿದೆ. ಅಷ್ಟು ಹೇಳಿ ಬರೆದವನು ಸುಮ್ಮನಿರಲಿಲ್ಲ. ರಾಜ ಶಾಂತಿವರ್ಮನ ಅಪ್ಪಣೆಯಂತೆ ಕುಬ್ಜನೆಂಬ ನಾನು ನನ್ನ ಈ ಕಾವ್ಯವನ್ನು ಕಲ್ಲಿನ ಮೇಲೆ ಬರೆದೆ ಎಂಬ ಅರ್ಥದ ಮಾತು ಸೇರಿಸಿದ್ದಾನೆ. ಅಲ್ಲೇ ಹತ್ತಿರದ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಬೇಲೂರಿಗೆ ಹೋಗಿ ಶಿಲ್ಪ ಕಡೆದರು. ತಾವು ಕಡೆದ ಶಿಲ್ಪದ ಕೆಳಗೆ ಹೆಸರು ಕೆತ್ತಿದರು. ದೇವಸ್ಥಾನ ಅವರದಲ್ಲ, ಎಷ್ಟೋ ಜನ ಸೇರಿ ಕಟ್ಟಿದ್ದು. ಆದರೆ ಈ ಒಂದು ಕೆಲಸ ನನ್ನದು, ಇದಕ್ಕೆ ನಾನು ಹೊಣೆ ಅಂತ ಹೇಳಿ ಹೋದರು. ಶಿಕಾರಿಪುರ ತಾಲ್ಲೂಕಿನ ಇವರನ್ನು ನೆನೆದಾಗೆಲ್ಲ ನನಗೆ ಎದೆ ತುಂಬಿ ಬರುತ್ತದೆ.

ಕೆಲವು ಸ್ನೇಹಿತರು ಹೇಳುವುದುಂಟು, "ಇತಿಹಾಸದಲ್ಲಿ ಎಲ್ಲ ದಾಖಲಾಗಿರುತ್ತಲ್ಲ ಮಾರಾಯ, ಮತ್ತೆ ಸಹಿ ಯಾಕೆ?" ದಾಖಲಾಗಿರುತ್ತದೆ ನಿಜ. ಅದನ್ನು ಕೆದಕಿ ನೋಡುವವರು ಎಷ್ಟು ಜನ? ವರ್ಷಗಟ್ಟಲೆ ವಿಕಿಯಲ್ಲಿರುವ ನಾನೇ ಅವತ್ತು ನೋಡಲಿಲ್ಲ. ಅವತ್ತು ತಾನೇ ಬಂದ ಹುಡುಗನಿಗೆ ಇತಿಹಾಸ ತೆಗೆಯಲು ಎಲ್ಲಿ ಒತ್ತಬೇಕು ಅಂತಲೂ ಗೊತ್ತಿರುವುದಿಲ್ಲ. ಇನ್ನೊಂದು ಮಾತು. ಚರ್ಚೆಪುಟ ಉದ್ದವಾದಾಗ ಹಳೆಯ ಮಾತುಗಳನ್ನು ಕತ್ತರಿಸಿ ಬೇರೆ ಪುಟಕ್ಕೆ ಸಾಗಿಸುತ್ತಾರೆ. ಆಗ ಇತಿಹಾಸ ಹಳೆಯ ಪುಟದಲ್ಲೇ ಉಳಿಯುತ್ತದೆ. ಮಾತಿನ ಜೊತೆ ಹೋಗುವುದು ಸಹಿ ಮಾತ್ರ.

ಹೆಸರು ಹಾಕಲು ಹೆದರುವವರ ಕಷ್ಟವೂ ನನಗೆ ಗೊತ್ತು. ಹೆಣ್ಣುಮಕ್ಕಳಿಗೆ ಈ ಅಂಜಿಕೆ ಜಾಸ್ತಿ, ಅದಕ್ಕೆ ಕಾರಣವೂ ಇದೆ. ಆದರೆ ವಿಕಿಯ ಸಹಿ ಅಂದರೆ ಮನೆತನದ ಹೆಸರು, ಊರಿನ ವಿಳಾಸ ಅಲ್ಲ. ತೀರ್ಥಹಳ್ಳಿ ಕಡೆಯ ನನ್ನ ಗೆಳತಿಯೊಬ್ಬಳು ಒಂದು ಹಕ್ಕಿಯ ಹೆಸರಲ್ಲಿ ಬರೆಯುತ್ತಾಳೆ. ಅವಳು ಯಾರು ಅಂತ ಅಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. ನಿನ್ನೆ ಆ ಮಾತು ಹೇಳಿದವಳೇ ಇವತ್ತು ಈ ಮಾತು ಹೇಳುತ್ತಿದ್ದಾಳೆ ಅಂತ ಗೊತ್ತಾದರೆ ಸಾಕು. ಸಸ್ಯಗಳ ಬಗ್ಗೆ ಅನುಮಾನ ಬಂದರೆ ಎಲ್ಲರೂ ಆ ಹಕ್ಕಿಯನ್ನೇ ಕೇಳುತ್ತಾರೆ. ಹತ್ತು ವರ್ಷ ಒಂದೇ ಹೆಸರಲ್ಲಿ ಮಾತಾಡಿದ್ದಕ್ಕೆ ಸಿಕ್ಕ ಗೌರವ ಅದು.

ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟಕ್ಕೆ ಅರಳಿ ಕಟ್ಟೆ ಅಂತ ಹೆಸರಿಟ್ಟಿದ್ದಾರೆ. ಎಷ್ಟು ಚೆಂದದ ಹೆಸರು! ಊರಿನ ಕಟ್ಟೆಯಲ್ಲಿ ಯಾರ ಮಾತು ಯಾರದು ಅಂತ ಕೇಳಬೇಕಾಗಿಲ್ಲ, ಮುಖ ಕಾಣುತ್ತದೆ. ಒರಟಾಗಿ ಮಾತಾಡುವ ಅಜ್ಜನ ಮಾತನ್ನು ಹೇಗೆ ತಗೊಳ್ಳಬೇಕು, ಪಕ್ಕದಲ್ಲಿ ಮೆಲ್ಲಗೆ ಕೇಳಿದ ಹುಡುಗನಿಗೆ ಹೇಗೆ ಹೇಳಬೇಕು ಅಂತ ನಮಗೆ ಗೊತ್ತಿರುತ್ತದೆ. ಮುಖ ಕಾಣದ ಕಟ್ಟೆಯಲ್ಲಿ ಅಜ್ಜನ ಮೇಲಿನ ಸಿಟ್ಟನ್ನು ಹುಡುಗನ ಮೇಲೆ ತೀರಿಸಿಬಿಡುತ್ತೇವೆ. ನಾನು ಮಾಡಿದ್ದು ಅದನ್ನೇ.

ಹೊಸಬರು ಸಹಿ ಹಾಕದಿರುವುದು ಸೋಮಾರಿತನದಿಂದ ಅಂತ ನನಗೆ ಅನ್ನಿಸುವುದಿಲ್ಲ. ಎಷ್ಟೋ ಜನಕ್ಕೆ ಆ ಚಿಹ್ನೆ ಎಲ್ಲಿದೆ ಅಂತಲೇ ಗೊತ್ತಿಲ್ಲ. ಕೀಬೋರ್ಡಿನಲ್ಲಿ 1ರ ಎಡಗಡೆ ಇದೆ, ಶಿಫ್ಟ್ ಜೊತೆ ಒತ್ತಬೇಕು. ಕನ್ನಡ ಇನ್‌ಸ್ಕ್ರಿಪ್ಟ್‌ನಲ್ಲಿ ಬರೆಯುವವರು ಅದನ್ನು ಒತ್ತಿದರೆ "ಒ" ಬೀಳುತ್ತದೆ. ಒಂದು ಕ್ಷಣ ಇಂಗ್ಲಿಷಿಗೆ ಬದಲಿಸಿಕೊಳ್ಳಿ. ಫೋನಿನಲ್ಲಿ ಅಂಕಿ ಮತ್ತು ಚಿಹ್ನೆಗಳ ಎರಡನೇ ಪುಟದಲ್ಲಿ ಹುಡುಕಿ. ಈಗ ಒಬ್ಬರ ಮಾತಿನ ಪಕ್ಕದಲ್ಲೇ ಉತ್ತರಿಸಲು ಕೊಂಡಿ ಕಾಣುತ್ತದೆ. ಅದರಲ್ಲಿ ಬರೆದರೆ ಸಹಿ ತಾನಾಗಿಯೇ ಬೀಳುತ್ತದೆ. ಯಾರಾದರೂ ಉತ್ತರ ಕೊಟ್ಟ ಮೇಲೆ ನಿಮ್ಮ ಹಳೆಯ ಮಾತನ್ನು ಸದ್ದಿಲ್ಲದೆ ತಿದ್ದಬೇಡಿ. ಅಡ್ಡಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನು ಬರೆದು, ಮತ್ತೆ ಸಹಿ ಹಾಕಿ.

ಹಳಬರಲ್ಲಿ ಇನ್ನೊಂದು ಬೇಡಿಕೆ. ಹೊಸಬರು ಸಹಿ ಮರೆತರೆ ಗದರಬೇಡಿ. ಇತಿಹಾಸ ನೋಡಿ ಅವರ ಹೆಸರನ್ನು ನೀವೇ ಸೇರಿಸಿ, ಸಹಿ ಹಾಕದ ಮಾತು ಅಂತ ಗುರುತು ಮಾಡಿ. ಅರ್ಧ ನಿಮಿಷದ ಕೆಲಸ.

ಆ ಹುಡುಗ ಈಗ ವಾಪಸ್ ಬಂದಿದ್ದಾನೆ. ಕಳೆದ ತಿಂಗಳು ತಾಳಗುಂದಕ್ಕೆ ಹೋಗಿ ಕಂಬದ ಫೋಟೋ ತೆಗೆದು ಹಾಕಿದ. ಈ ಶನಿವಾರ ರಾತ್ರಿ ನಾವಿಬ್ಬರೂ ಕೂತು, ನಮ್ಮ ಜಿಲ್ಲೆಯ ಲೇಖನಗಳ ಚರ್ಚೆಪುಟಗಳಲ್ಲಿ ಹೆಸರಿಲ್ಲದೆ ಬಿದ್ದಿರುವ ಹಳೆಯ ಮಾತುಗಳಿಗೆ ಒಂದೊಂದಾಗಿ ಹೆಸರು ಸೇರಿಸಬೇಕು ಅಂತಿದ್ದೇವೆ. ಕರೆಂಟು ಇದ್ದರೆ 9ಕ್ಕೆ ಶುರು. ಜೊತೆಗೆ ಬರುವವರು ಹೇಳಿ.